ಮಾಳದ ಜಾಗರಣೆಯೂ ಹಗಲುನಿದ್ದೆಯೂ

ಆಹಾರ, ನಿದ್ರೆ, ಬ್ರಹ್ಮಚರ್ಯ ಇವು ಶರೀರಕ್ಕೆ ಮೂರು ಉಪಸ್ತಂಭಗಳೆಂದು ಚರಕಸಂಹಿತೆಯ ಮತ. ಮೊದಲನೆಯದರ ರಕ್ಷಣೆಗಾಗಿ ಎರಡನೆಯದನ್ನು ತೊರೆಯಬೇಕಾದ ಸಂಕಟವು ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಗಳ ಬೇಸಾಯಗಾರರದು. ಮಳೆಗಾಲವು ಕಳೆದು ಬತ್ತವು ತೆನೆಗಟ್ಟಿದೊಡನೆ ಕಾಡಾನೆ, ಕಾಡುಹಂದಿಗಳು ಗದ್ದೆಗಿಳಿಯುವುವು. ಆಗ ರೈತನು ಮಾಳವನ್ನೇರಿ, ಬೆಂಕಿಯುರಿಸಿ, ಕೂಗುಹಾಕುತ್ತ ಇರುಳನ್ನು ಕಳೆಯುವನು. ಬೆಳಗಾದೊಡನೆ ಕೊಯ್ಲು ಕಾದಿರುವುದು. 1955ರಲ್ಲಿ ಸ್ಥಾಪಿತವಾದ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ರಾತ್ರಿಪಾಳಿಯ ಕೆಲಸಗಾರನ ಪಾಡೂ ಇದಕ್ಕೆ ದೂರವಾದುದಲ್ಲ.

ರಾತ್ರಿಜಾಗರವು ರೌಕ್ಷ್ಯವನ್ನೂ ಹಗಲುನಿದ್ದೆಯು ಸ್ನಿಗ್ಧತೆಯನ್ನೂ ಉಂಟುಮಾಡುವುದೆಂದು ಹೇಳಿದ ಚರಕನು, ಗ್ರೀಷ್ಮವನ್ನುಳಿದ ಋತುಗಳಲ್ಲಿ ಹಗಲುನಿದ್ದೆಯನ್ನು ನಿಷೇಧಿಸಿರುವನು. ಆದರೆ ಜಾಗರದಿಂದ ಬಳಲಿದವರಿಗೆ ಈ ನಿಷೇಧವಿಲ್ಲ. ಅಷ್ಟಾಂಗಹೃದಯದಲ್ಲಿ ವಾಗ್ಭಟನು ಅದರ ಪ್ರಮಾಣವನ್ನೂ ವಿಧಿಸಿರುವನು: ಎಚ್ಚತ್ತಿದ್ದ ಕಾಲದ ಅರ್ಧದಷ್ಟು, ಪ್ರಾತಃಕಾಲದಲ್ಲಿ, ಉಣ್ಣುವುದಕ್ಕೆ ಮೊದಲು. ಎರಡು ಜಾವ ಕಾವಲಿದ್ದವನಿಗೆ ಒಂದು ಜಾವ, ಎಂದರೆ 3 ಗಂಟೆಗಳ ನಿದ್ದೆಯು ಇದರಿಂದ ಸಲ್ಲತಕ್ಕುದು.

ಆದುದರಿಂದ ಸುಗ್ಗಿಯ ದಿನಗಳಲ್ಲಿ ಬೆಳಗ್ಗೆ ಜಗಲಿಯ ಮೇಲೆ ಒರಗಿದವನನ್ನು ಸೋಮಾರಿಯೆಂದು ಹಳಿಯುವುದು ಶಾಸ್ತ್ರಸಮ್ಮತವಲ್ಲ. ಶಾಸ್ತ್ರವು ಕೊಟ್ಟ ಆ ಒಂದು ಜಾವವನ್ನು ಕೊಯ್ಲು ಕಿತ್ತುಕೊಳ್ಳುವುದು. ನೆರೆಹೊರೆಯವರು ಮಾಳದ ಕಾವಲನ್ನು ಸರದಿಯಿಂದ ಹಂಚಿಕೊಂಡಲ್ಲಿ ಮಾತ್ರ ಅನ್ನವೂ ನಿದ್ರೆಯೂ ಒಟ್ಟಿಗೆ ಉಳಿಯುವುವು.