ಭಾಗವತಿಕೆಯೂ ತೀರ್ಪುಗಾರಿಕೆಯೂ

ಹಲವರ ಕಂಠಗಳನ್ನು ಕೈಸನ್ನೆಯೊಂದರಿಂದ ನಡೆಯಿಸುವ ಗಾನನಾಯಕನ ಪದವಿಯು ಪಾಶ್ಚಾತ್ಯ ಸಂಗೀತದಲ್ಲಿ ಬಹು ಗೌರವದ್ದು. ಅಂಥ ನಾಯಕನು ತನ್ನ ಮೇಳದೊಡನೆ ಹತ್ತಿಪ್ಪತ್ತು ವರ್ಷ ದುಡಿದು ಹೆಸರು ಪಡೆದ ಮೇಲೆ, ಅನ್ಯರ ಮೇಳಗಳ ಗುಣದೋಷಗಳನ್ನು ತೂಗಿ ಹೇಳುವ ತೀರ್ಪುಗಾರನಾಗಿ ದೇಶದಿಂದ ದೇಶಕ್ಕೆ ಕರೆಯಲ್ಪಡುವುದು ಈಗಿನ ರೂಢಿಯಾಗಿದೆ. ವೇಲ್ಸ್ ನಾಡಿನ ಲಾಂಗೊಲ್ಲೆನ್ನಿನಲ್ಲಿ 1947ರಲ್ಲಿಯೂ ಹಂಗೆರಿಯ ಡೆಬ್ರೆಸೆನ್ನಿನಲ್ಲಿ 1961ರಲ್ಲಿಯೂ ಅಂತರರಾಷ್ಟ್ರೀಯ ಗಾನಸ್ಪರ್ಧೆಗಳು ಮೊದಲಾದುವು. 2000ದಲ್ಲಿ ಆಸ್ಟ್ರಿಯದ ಲಿಂಟ್ಸ್ ನಗರದಲ್ಲಿ ಆರಂಭವಾದ ಮಹಾಸ್ಪರ್ಧೆಯು ಇವೆಲ್ಲಕ್ಕಿಂತ ದೊಡ್ಡದಾಗಿ ಬೆಳೆಯಿತು. ನೀಲ್ ನಾಂಗ್‌ಕಿನ್ರಿಯವರ ನಾಯಕತ್ವದಲ್ಲಿ ಶಿಲ್ಲಾಂಗಿನ ವೃಂದಗಾಯಕರು 2010ರಲ್ಲಿ ಚೀನದ ಶಾವ್‌ಶಿಂಗ್ ನಗರದಲ್ಲಿ ಪದಕಗಳನ್ನು ಪಡೆದು ಬಂದುದು ಈ ಸ್ಪರ್ಧೆಯಲ್ಲಿಯೇ. ಅಲ್ಲಿಯ ತೀರ್ಪುಗಾರರ ಮುಂದಿರುವ ಕಾಗದದಲ್ಲಿ ಸಾಮಾನ್ಯವಾಗಿ ನಾಲ್ಕು ಅಂಶಗಳಿರುತ್ತವೆ: ಸ್ವರಶುದ್ಧಿ, ನಾದದ ಗುಣ, ಸ್ವರಲಿಪಿಗೆ ನಿಷ್ಠೆ, ಒಟ್ಟಿನ ಕಲಾಪರಿಣಾಮ. ಹೀಗೆ ಅಂಕವೀಯುವವರು ಬರಿಯ ಶಾಸ್ತ್ರಜ್ಞರಾಗಿರದೆ ಬಹುಮಟ್ಟಿಗೆ ತಾವೂ ಗಾನನಾಯಕರೇ ಆಗಿರುತ್ತಾರೆ. ಒಂದು ವರ್ಷ ತಮ್ಮ ಮೇಳವನ್ನು ಹಾಡಿಸಿದವರು ಇನ್ನೊಂದು ವರ್ಷ ಮೇಜಿನ ಹಿಂದೆ ಕುಳಿತಿರುವುದುಂಟು. ನಾಯಕತ್ವದಿಂದ ಬಂದ ವಿವೇಕವು, ನಾಯಕತ್ವವನ್ನು ಬಿಟ್ಟು ಕುಳಿತಾಗ ಎಷ್ಟರಮಟ್ಟಿಗೆ ಉಳಿಯುತ್ತದೆ ಎಂಬುದು ಇಲ್ಲಿ ವಿಚಾರಾರ್ಹವಾದ ಪ್ರಶ್ನೆ.

ಈ ಪ್ರಶ್ನೆಯನ್ನು ಪರೀಕ್ಷಿಸುವುದಕ್ಕೆ ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬದ ಸೀಮೆಯು ಅನುಕೂಲವಾದ ನೆಲ. ಬಹುಕಂಠದ ವೃಂದಗಾನವು ಇಲ್ಲಿ ಇಗರ್ಜಿಗಳ ಆಚೆಗೆ ಬೇರುಬಿಟ್ಟಿಲ್ಲ, ನಿಜ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಕನ್ನಡದಲ್ಲಿ ಸಂಗೀತಗಳನ್ನು ಹಾಡಿಸಿದರಾದರೂ ಆ ಪದ್ಧತಿಯು ಸಭೆಗಳೊಳಗೇ ಉಳಿಯಿತು. ಆದರೆ ಗಾನದಿಂದ ಒಂದು ಸಮೂಹವನ್ನು ನಡೆಯಿಸುವವನು, ಅಂದರೆ ಯಕ್ಷಗಾನದ ಭಾಗವತನು, ಇಲ್ಲಿ ಪ್ರತಿಯೊಂದು ಊರಿಗೂ ಪರಿಚಿತನು. ಅವನ ಹಿಂದೆ ಹಾಡುವ ಕಂಠಗಳಿಲ್ಲ. ಮದ್ದಳೆ, ಚೆಂಡೆ, ಚಕ್ರತಾಳಗಳಿವೆ, ಮುಂದೆ ವೇಷಧಾರಿಗಳ ಕಾಲುಗಳೂ ನಾಲಗೆಗಳೂ ಇವೆ. ಈ ಭೇದವನ್ನು ಮರೆಯದೆ ಹೋಲಿಸಿದರೆ, ಭಾಗವತನ ಕೆಲಸವು ಗಾನನಾಯಕನ ಕೆಲಸಕ್ಕಿಂತ ಹೆಚ್ಚು ಸಂಕೀರ್ಣವೆಂದೇ ಹೇಳಬೇಕಾಗುತ್ತದೆ.

ಭಾಗವತನನ್ನು ಮೇಳದ ಮೊದಲನೆಯ ವೇಷವೆಂದು ಕರೆಯುವುದು ವಾಡಿಕೆ. ಬಣ್ಣ ಹಚ್ಚದವನಿಗೆ ಈ ಹೆಸರು ಸಂದುದು ಸುಮ್ಮನೆ ಅಲ್ಲ. ಪ್ರಸಂಗವು ನಿಶ್ಚಯವಾದೊಡನೆ ಪಾತ್ರಗಳನ್ನು ಹಂಚುವುದು ಪೂರ್ವಪದ್ಧತಿಯಲ್ಲಿ ಅವನ ಅಧಿಕಾರ. ವೃತ್ತಿಮೇಳಗಳಲ್ಲಿ ಪೂರ್ವಾಭ್ಯಾಸವೆಂಬುದು ವಿರಳವಾದುದರಿಂದ, ಚೌಕಿಯಲ್ಲಿ ನಾಲ್ಕು ಮಾತಿನಲ್ಲಿ ಕಥೆಯ ನಡೆಯನ್ನು ಹೇಳಿ ಮುಗಿಸಿ, ಉಳಿದುದನ್ನೆಲ್ಲ ರಂಗದ ಮೇಲೆಯೇ ಜಾಗಟೆಯ ಪೆಟ್ಟಿನಿಂದ ತಿಳಿಸಬೇಕು. ಯಾವ ಪದ್ಯವನ್ನು ಎತ್ತುವುದು, ಯಾವುದನ್ನು ಬಿಡುವುದು, ಯಾವ ಚರಣವನ್ನು ಮರಳಿ ಮರಳಿ ಹಾಡಿ ಕುಣಿತಕ್ಕೆ ಎಡೆಗೊಡುವುದು, ಯಾವ ಕ್ಷಣದಲ್ಲಿ ಲಯವನ್ನು ಏರಿಸಿ ಮುಕ್ತಾಯಕ್ಕೆ ತರುವುದು, ಇವೆಲ್ಲವೂ ಅವನ ನಿರ್ಣಯಗಳು. ಪ್ರಸಂಗದ ಪುಸ್ತಕದಲ್ಲಿ ಪದ್ಯದ ನೆತ್ತಿಯ ಮೇಲೆ ರಾಗತಾಳಗಳ ಹೆಸರು ಮಾತ್ರ ಇರುತ್ತದೆ. ಸ್ವರಲಿಪಿಯಿಲ್ಲ, ಕಾಲಪ್ರಮಾಣದ ಸೂಚನೆಯಿಲ್ಲ. ವೇಷಧಾರಿಯು ಅರ್ಥ ಹೇಳುತ್ತ ವಿಷಯವನ್ನು ಬೆಳೆಯಿಸುತ್ತಿದ್ದರೆ ಭಾಗವತನು ಸುಮ್ಮನಿರುತ್ತಾನೆ. ಅದೇ ಮಾತು ಬರಡಾಗಿ ಸುತ್ತತೊಡಗಿತೆಂದರೆ ಮುಂದಿನ ಪದ್ಯದ ಎತ್ತುಗಡೆಯು ಕೇಳಿಸುತ್ತದೆ. ಸಭಿಕರಿಗೆ ಅದು ಕಥೆಯ ಸಹಜವಾದ ಮುಂದುವರಿಕೆ. ವೇಷಧಾರಿಗೆ ಮಾತ್ರ ಅದು ತೀರ್ಪು. ಪಳಗಿದ ವೇಷಧಾರಿಯು ಅದನ್ನು ಅರಿತು, ಮರುರಾತ್ರಿ ಆ ಎಡೆಯಲ್ಲಿ ಮಾತನ್ನು ಕಿರಿದುಗೊಳಿಸುತ್ತಾನೆ.

ಈ ಅಧಿಕಾರಕ್ಕೆ ಏರುವ ಮೆಟ್ಟಲುಗಳು ನಿಧಾನವಾದವು. ಕಲಿಯುವವನು ಮೊದಲು ಸಂಗೀತಗಾರನೆನಿಸಿ ಪೂರ್ವರಂಗದಲ್ಲಿ ಹಾಡುತ್ತಾನೆ. ಆ ಹೊತ್ತಿಗೆ ಸಭೆಯು ಇನ್ನೂ ಕೂಡುತ್ತಿರುತ್ತದೆ, ತಪ್ಪಿದರೂ ಕ್ಷಮೆಯುಂಟು. ಬಳಿಕ ರಾತ್ರಿಯ ಮೊದಲಿನ ಭಾಗ. ನಡುರಾತ್ರಿಯಿಂದ ಬೆಳಗಿನವರೆಗಿನ ಭಾರವು ಮುಖ್ಯ ಭಾಗವತನದು. ದೀಪಾವಳಿಯ ಅನಂತರ ಹೊರಟ ತಿರುಗಾಟವು ಪತ್ತನಾಜೆಗೆ ಮುಗಿಯುವವರೆಗೆ ಹೀಗೆ ರಾತ್ರಿ ರಾತ್ರಿ ಕೇಳಿ, ಹಾಡಿ, ತಿದ್ದಿಸಿಕೊಂಡು ಹಲವು ವರ್ಷಗಳಾದ ಮೇಲೆಯೇ ಒಬ್ಬನಿಗೆ ಪ್ರಸಂಗದ ನಡೆಯು ಕೈವಶವಾಗುವುದು. ಮದ್ದಳೆ ಚೆಂಡೆಗಳ ಅಭ್ಯಾಸವಿಲ್ಲದ ಭಾಗವತನನ್ನು ಹಿಮ್ಮೇಳದವರು ಪೂರ್ಣವಾಗಿ ಒಪ್ಪುವುದೂ ಇಲ್ಲ.

ಸುಳ್ಯ ಸೀಮೆಯ ಕಲ್ಮಡ್ಕದ ಪದ್ಯಾಣ ಗಣಪತಿ ಭಟ್ಟರ ಜೀವನವು ಇದಕ್ಕೆ ನಿದರ್ಶನವಾಗಬಲ್ಲುದು. 1955ರಲ್ಲಿ ಹುಟ್ಟಿದ ಅವರು ಮಾಂಬಾಡಿ ನಾರಾಯಣ ಭಾಗವತರಲ್ಲಿ ಕಲಿತು, ಸುರತ್ಕಲ್ ಮೇಳದಲ್ಲಿ ದೀರ್ಘಕಾಲ ದುಡಿದು, ಹೊಸನಗರದ ಮೇಳದಲ್ಲಿಯೂ, ಕೊನೆಗೆ ಪುತ್ತೂರು ತಾಲ್ಲೂಕಿನ ಈಶ್ವರಮಂಗಲದ ಹನುಮಗಿರಿ ಮೇಳದಲ್ಲಿಯೂ ಹಾಡಿದರು. 2021ರ ಅಕ್ಟೋಬರಿನಲ್ಲಿ ತೀರಿಕೊಂಡರು. ಡೇರೆಯ ಆಟದ ಕಾಲ, ಬಯಲಾಟದ ಕಾಲ, ಕಾಲಮಿತಿಯ ಆಟದ ಕಾಲ ಮೂರನ್ನೂ ಅವರ ಕಂಠವು ಕಂಡಿತು. ಅವರಿಗೆ ಪ್ರಸಿದ್ಧಿ ತಂದುದು ಕಂಠಮಾಧುರ್ಯವೆಂದು ಸಾಮಾನ್ಯರು ಹೇಳುವರು. ಆದರೆ ಇಡೀ ರಾತ್ರಿಯ ಕಥೆಯನ್ನು ಕೆಲವೇ ಗಂಟೆಗಳಿಗೆ ಅಡಕಗೊಳಿಸಬೇಕಾದಾಗ ಯಾವ ಪದ್ಯವನ್ನು ತ್ಯಜಿಸಬೇಕೆಂಬ ವಿವೇಕವು ಮಾಧುರ್ಯದಿಂದ ಬರತಕ್ಕದ್ದಲ್ಲ. ಇಡೀ ರಾತ್ರಿ ಹಾಡಿದವನಿಗೇ ಅದು ಒದಗುವುದು.

ಸ್ಪರ್ಧೆಯೆಂಬುದು ಈ ಕಲೆಗೆ ಹೊಸದೇನೂ ಅಲ್ಲ. ಜೋಡಾಟವೆಂಬ ಪದ್ಧತಿಯಲ್ಲಿ ಎರಡು ಮೇಳಗಳು ಒಂದೇ ಬಯಲಿನಲ್ಲಿ ಅಕ್ಕಪಕ್ಕದ ಎರಡು ರಂಗಸ್ಥಳಗಳನ್ನು ಹೂಡಿ, ಒಂದೇ ಪ್ರಸಂಗವನ್ನು ಏಕಕಾಲದಲ್ಲಿ ಆಡುತ್ತಿದ್ದುವು. ಅಲ್ಲಿ ಮೇಜೂ ಇಲ್ಲ, ಅಂಕದ ಕಾಗದವೂ ಇಲ್ಲ. ಜನರು ಯಾವ ಕಡೆಗೆ ಮುಖ ತಿರುಗಿಸಿದರು ಎಂಬುದೇ ಫಲಿತಾಂಶ. ಭಾಗವತನು ತನ್ನ ವೇಷಗಳ ಮೇಲೆ ಒಂದು ಕಣ್ಣನ್ನೂ ನೆರೆಯ ರಂಗದ ಮೇಲೆ ಇನ್ನೊಂದು ಕಿವಿಯನ್ನೂ ಇರಿಸಿ, ಎದುರಿನವರ ಒಡ್ಡೋಲಗಕ್ಕೆ ಸರಿಯಾಗಿ ತನ್ನ ಒಡ್ಡೋಲಗವನ್ನು ತರಬೇಕಾಗಿತ್ತು. ಈ ಪೈಪೋಟಿಯಲ್ಲಿ ಚೆಂಡೆಯ ಅಬ್ಬರವೂ ಧೀಂಗಿಣದ ಎಣಿಕೆಯೂ ಹೆಚ್ಚಿ ಅರ್ಥವು ಸೊರಗುತ್ತಿದ್ದುದನ್ನು ಅಲ್ಲಗಳೆಯಲಾಗದು. ಜನರ ತೀರ್ಪು ಯಾವಾಗಲೂ ಸೂಕ್ಷ್ಮವಾದುದೆಂದು ಹೊಗಳುವುದು ವ್ಯರ್ಥ. ಆದರೂ ಅಲ್ಲಿ ಒಂದು ಗುಣವಿತ್ತು: ತೀರ್ಪು ನಡೆಯುತ್ತಿರುವಾಗಲೇ ಅದನ್ನು ತಿಳಿದು ಆಟವನ್ನು ತಿದ್ದಿಕೊಳ್ಳುವ ಅವಕಾಶವು ಭಾಗವತನಿಗೆ ಇರುತ್ತಿತ್ತು.

ತೀರ್ಪಿನ ಈ ಹಳೆಯ ಬಗೆಯು ಎಷ್ಟು ಕಠಿನವೂ, ಎಷ್ಟು ಉದಾರವೂ ಆಗಬಲ್ಲುದೆಂಬುದನ್ನು ಲೀಲಾವತಿ ಬೈಪಾಡಿತ್ತಾಯರ ಕಥೆಯು ತೋರಿಸುತ್ತದೆ. 1947ರಲ್ಲಿ ಕಾಸರಗೋಡಿನ ಮಧೂರಿನಲ್ಲಿ ಹುಟ್ಟಿ, ಶಾಸ್ತ್ರೀಯ ಸಂಗೀತವನ್ನು ಕಲಿತು, ಹಿಮ್ಮೇಳದ ವಾದಕರಾದ ಕಡಬದ ಹರಿನಾರಾಯಣ ಬೈಪಾಡಿತ್ತಾಯರನ್ನು ಮದುವೆಯಾಗಿ ಬಂದ ಅವರು, ಯಕ್ಷಗಾನದ ಹಾಡುಗಾರಿಕೆಯನ್ನು ಪತಿಯಿಂದಲೇ ಕಲಿತರು. ತೆಂಕುತಿಟ್ಟಿನ ವೃತ್ತಿಮೇಳಗಳಲ್ಲಿ ತಿರುಗಾಟ ಮಾಡಿದ ಮೊದಲ ಮಹಿಳಾ ಭಾಗವತರೆನಿಸಿದರು. ಸಂಗೀತ ಕಲಿತವರಿಗೆ ಯಕ್ಷಗಾನವು ಸುಲಭವೆಂದು ಹೊರಗಿನವರು ತಿಳಿಯುವುದುಂಟು. ವಾಸ್ತವದಲ್ಲಿ ಕಚೇರಿಯ ರಾಗವಿಸ್ತಾರದ ಅಭ್ಯಾಸವು ರಂಗದಲ್ಲಿ ತೊಡಕಾಗುವ ಸಂದರ್ಭಗಳೇ ಹೆಚ್ಚು; ಏಕೆಂದರೆ ವೀರರಸದ ವೇಷವು ಕಾಲೆತ್ತಿ ನಿಂತಿರುವಾಗ ಗಮಕದ ಸೊಗಸಿಗೆ ಕಾಯುವಂತಿಲ್ಲ. ಪುರುಷರೇ ತುಂಬಿದ್ದ ರಂಗದಲ್ಲಿ, ರಾತ್ರಿಯಿಡೀ, ಹೆಂಗಸೊಬ್ಬರ ಜಾಗಟೆಯ ಸನ್ನೆಗೆ ಅನುಭವಿ ವೇಷಧಾರಿಗಳು ಕುಣಿಯಬೇಕಾಗಿತ್ತು. ಅವರನ್ನು ಅಳೆದವರು ಆ ವೇಷಧಾರಿಗಳು, ಚೆಂಡೆಯವರು, ಡೇರೆಯೊಳಗೆ ಟಿಕೇಟು ಕೊಂಡು ಕುಳಿತವರು. ಅಳೆದ ಬಳಿಕ ಒಪ್ಪಿದರು. ಮುಂದೆ ಅವರು ಪತಿಯೊಡನೆ ಹಿಮ್ಮೇಳದ ಗುರುವಾಗಿ ಅನೇಕರನ್ನು ತಿದ್ದಿದರು. ಸರಕಾರದ ರಾಜ್ಯೋತ್ಸವ ಪ್ರಶಸ್ತಿಯು 2023ರಲ್ಲಿ ಬಂದಾಗ ಅವರಿಗೆ 76 ವರ್ಷ. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ರಂಗದ ಒಪ್ಪಿಗೆಗೂ ಕಾಗದದ ಒಪ್ಪಿಗೆಗೂ ನಡುವೆ ದಶಕಗಳ ಅಂತರವಿದ್ದುದನ್ನು ಗಮನಿಸತಕ್ಕದ್ದು.

ಇತ್ತೀಚಿನ ದಶಕಗಳಲ್ಲಿ ಯಕ್ಷಗಾನವು ವಿದ್ಯಾಲಯಗಳನ್ನು ಹೊಕ್ಕು, ಅಂತರಕಾಲೇಜು ಸ್ಪರ್ಧೆಗಳೂ ಮಕ್ಕಳ ಸ್ಪರ್ಧೆಗಳೂ ಏರ್ಪಡುತ್ತಿವೆ. ಸುಳ್ಯ ಪುತ್ತೂರುಗಳಿಗೆ ಎಲ್ಲೆಯಾಗಿರುವ ಕಾಸರಗೋಡಿನಲ್ಲಿ ಕನ್ನಡ ಶಾಲೆಗಳ ಮಕ್ಕಳು ಕೇರಳದ ಶಾಲಾ ಕಲೋತ್ಸವದಲ್ಲಿಯೂ ಯಕ್ಷಗಾನವನ್ನು ಆಡುತ್ತಾರೆ. ಅಲ್ಲಿ ಶ್ರೇಣಿಗಳನ್ನು ಕೊಡುವುದಲ್ಲದೆ ತೀರ್ಪಿನ ಮೇಲೆ ಅಪೀಲು ಸಲ್ಲಿಸುವ ಅವಕಾಶವೂ ಉಂಟು. ಹುಡುಗಿಯರು ದೊಡ್ಡ ಸಂಖ್ಯೆಯಲ್ಲಿ ಗೆಜ್ಜೆ ಕಟ್ಟಿದುದೂ ಜಾಗಟೆ ಹಿಡಿದುದೂ ಬಹುಮಟ್ಟಿಗೆ ಇಂಥ ವೇದಿಕೆಗಳ ಮೂಲಕವೇ. ಸ್ಪರ್ಧೆಯನ್ನು ಹಳಿಯುವವರು ಈ ಉಪಕಾರವನ್ನು ಮರೆಯಬಾರದು.

ಆದರೆ ಇಲ್ಲಿ ತೀರ್ಪುಗಾರನಾಗಿ ಕುಳಿತ ಹಿರಿಯ ಭಾಗವತನ ಸ್ಥಿತಿಯು ವಿಚಿತ್ರವಾದುದು. ಕುಣಿತಕ್ಕೆ ಇಷ್ಟು, ಮಾತಿಗೆ ಇಷ್ಟು, ವೇಷಭೂಷಣಕ್ಕೆ ಇಷ್ಟು, ಹಿಮ್ಮೇಳಕ್ಕೆ ಇಷ್ಟು ಎಂದು ಅಂಕಗಳನ್ನು ವಿಭಾಗಿಸಿ ಕೊಟ್ಟಿರುತ್ತಾರೆ. ಆತನು ಜೀವಮಾನವಿಡೀ ಮಾಡಿದುದು ಈ ವಿಭಾಗಗಳನ್ನು ಒಂದಾಗಿಸುವ ಕೆಲಸ. ಅದಕ್ಕೆ ಕಾಗದದಲ್ಲಿ ಅಂಕಣವಿಲ್ಲ. ಒಳ್ಳೆಯ ಭಾಗವತಿಕೆಯು ಕಣ್ಣಿಗೆ ಬೀಳುವುದು ಕಡಿಮೆ. ಎಡವಿದ ಬಾಲಕನಿಗೆ ಹಾಡುಗಾರನು ಚರಣವೊಂದನ್ನು ಮರಳಿ ಹಾಡಿ ಹೆಜ್ಜೆ ಕೂಡಿಸಿಕೊಳ್ಳಲು ಅವಕಾಶವಿತ್ತರೆ, ತಪ್ಪೇ ನಡೆಯಲಿಲ್ಲವೆಂದು ಸಭೆಯು ತಿಳಿಯುತ್ತದೆ. ಅಲ್ಲಿ ಅಂಕವು ಸಲ್ಲಬೇಕಾದುದು ಯಾರಿಗೆ? ಅನೇಕ ಸ್ಪರ್ಧೆಗಳಲ್ಲಿ ವೇಷ ಮಾಡುವವರು ವಿದ್ಯಾರ್ಥಿಗಳು, ಹಿಮ್ಮೇಳದವರು ಹೊರಗಿನಿಂದ ಬಂದ ವೃತ್ತಿಪರರು. ಆಗ ಪ್ರಶ್ನೆಯು ಇನ್ನೂ ಜಟಿಲವಾಗುತ್ತದೆ. ನಾಯಕನು ಅಂಕದ ಹೊರಗೆ ನಿಂತು, ನಡೆಯಿಸಲ್ಪಟ್ಟವರು ಮಾತ್ರ ಒಳಗಿರುತ್ತಾರೆ.

ಪಾಶ್ಚಾತ್ಯ ತೀರ್ಪುಗಾರನಿಗೆ ಸ್ವರಲಿಪಿಯೆಂಬ ಸಾಕ್ಷಿಯಿದೆ. ಭಿನ್ನಾಭಿಪ್ರಾಯ ಬಂದಾಗ ಪುಟವನ್ನು ತೆರೆದು ತೋರಿಸಬಹುದು. ಯಕ್ಷಗಾನದಲ್ಲಿ ಆ ಸ್ಥಾನದಲ್ಲಿರುವುದು ಪರಂಪರೆಯ ಮಟ್ಟು. ಅದು ಕಂಠದಿಂದ ಕಂಠಕ್ಕೆ ಬಂದುದು, ಮನೆತನದಿಂದ ಮನೆತನಕ್ಕೆ ಭಿನ್ನವಾದುದು. ಕಾಸರಗೋಡಿನ ಪಡ್ರೆಯಲ್ಲಿ ಹುಟ್ಟಿ ಕಟೀಲು ಮೇಳದಲ್ಲಿ ಬಹುಕಾಲ ಹಾಡಿದ ಬಲಿಪ ನಾರಾಯಣ ಭಾಗವತರು (1938–2023) ಅದೇ ಹೆಸರಿನ ತಮ್ಮ ಅಜ್ಜನಿಂದ ಬಂದ ಶೈಲಿಯನ್ನು ಏರುಶ್ರುತಿಯಲ್ಲಿ ಉಳಿಸಿಕೊಂಡು ಬಂದರು. ದಾಮೋದರ ಮಂಡೆಚ್ಚರು ಶಾಸ್ತ್ರೀಯ ರಾಗಗಳ ಛಾಯೆಯನ್ನು ರಂಗಕ್ಕೆ ಧಾರಾಳವಾಗಿ ತಂದರು. ಒಂದನ್ನು ಪ್ರಮಾಣವೆಂದು ಹಿಡಿದರೆ ಇನ್ನೊಂದು ಅಪಭ್ರಂಶವಾಗಿ ಕಾಣುತ್ತದೆ. ತೀರ್ಪುಗಾರನು ಯಾವ ಗುರುವಿನ ಶಿಷ್ಯನೆಂಬುದನ್ನು ಸ್ಪರ್ಧಿಗಳು ಮೊದಲೇ ವಿಚಾರಿಸಿಕೊಂಡು ಅದಕ್ಕೆ ತಕ್ಕಂತೆ ಹಾಡತೊಡಗಿದರೆ, ಶೈಲಿಗಳ ವೈವಿಧ್ಯವು ಕುಗ್ಗುವ ಭಯವುಂಟು. ಯುರೋಪಿನಲ್ಲಿ ಬಗೆಬಗೆಯ ದೇಶಗಳಿಂದ ತೀರ್ಪುಗಾರರನ್ನು ಕರೆಸುವುದು ಈ ಬಗೆಯ ಪಕ್ಷಪಾತಕ್ಕೆ ಪರಿಹಾರವಾಗಿ ಒದಗಬಲ್ಲುದು. ಇಲ್ಲಿ ಬಗೆಬಗೆಯ ಪರಂಪರೆಗಳಿಂದ ಕರೆಸುವುದು ಅಷ್ಟೇನೂ ಕಷ್ಟವಲ್ಲ; ಆದರೆ ಗಾಯನಕ್ಕೆ ಒಬ್ಬರು, ನಾಟ್ಯಕ್ಕೆ ಒಬ್ಬರು, ಮಾತಿಗೆ ಒಬ್ಬರು ಎಂದು ಅಂಗಗಳ ಲೆಕ್ಕದಲ್ಲಿ ಕರೆಯುವುದೇ ಸುಲಭವಾಗಿ ಕಾಣುತ್ತದೆ.

ನಾಯಕತ್ವವು ಭಾಗವತನ ಕೈಯಿಂದ ಜಾರುವುದಕ್ಕೆ ಸ್ಪರ್ಧೆಯೊಂದನ್ನೇ ದೂಷಿಸುವಂತಿಲ್ಲ. ಪುತ್ತೂರಿನ ಬಾಲವನದಲ್ಲಿ ದೀರ್ಘಕಾಲ ನೆಲಸಿ, ಯಕ್ಷಗಾನವನ್ನು ಕುರಿತ ಗ್ರಂಥಕ್ಕಾಗಿ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಶಿವರಾಮ ಕಾರಂತರು, ತಮ್ಮ ಪ್ರಯೋಗಗಳಲ್ಲಿ ಮಾತನ್ನು ತೆಗೆದು, ಪಿಟೀಲು ಸ್ಯಾಕ್ಸೋಫೋನುಗಳನ್ನು ಹಿಮ್ಮೇಳಕ್ಕೆ ಸೇರಿಸಿ, ನೃತ್ಯನಾಟಕವಾಗಿ ಕಲೆಯನ್ನು ಪರದೇಶಗಳಿಗೂ ಒಯ್ದರು. ಅಲ್ಲಿ ಮೊದಲೇ ನಿರ್ಣಯಿಸುವ ನಿರ್ದೇಶಕನು ಬೇರೆ, ಹಾಡುವ ಭಾಗವತನು ಬೇರೆ. ಕಾರಂತರಂಥ ಪ್ರತಿಭಾವಂತರ ಕೈಯಲ್ಲಿ ಇದರಿಂದ ಹೊಸ ಸೌಂದರ್ಯವು ಹುಟ್ಟಿತು. ಶಾಲೆಯ ಅಂಗಳದಲ್ಲಿ ಅದೇ ವಿಭಜನೆಯು ಗಡಿಯಾರದ ಅಡಿಯಾಳಾಗಿ ಪರಿಣಮಿಸುತ್ತದೆ. ಇಷ್ಟೇ ನಿಮಿಷಗಳೆಂದು ಗೊತ್ತುಮಾಡಿದ ಸ್ಪರ್ಧೆಯಲ್ಲಿ ಪದ್ಯಗಳನ್ನು ಆಯ್ದು, ಮಾತನ್ನು ಬಾಯಿಪಾಠ ಮಾಡಿಸಿ, ಲಯವನ್ನು ಅಳೆದು ತರುತ್ತಾರೆ. ಹಾಡುಗಾರನಿಗೆ ರಂಗದ ಮೇಲೆ ನಿರ್ಣಯಿಸಲು ಏನೂ ಉಳಿದಿರುವುದಿಲ್ಲ. ಅಂಥ ಸ್ಪರ್ಧೆಗಳಲ್ಲಿಯೇ ಬೆಳೆದ ತರುಣ ಭಾಗವತನು ಶ್ರುತಿಶುದ್ಧನೂ ತಾಳಶುದ್ಧನೂ ಆಗಿ, ಮಾತು ಸುತ್ತತೊಡಗಿದ ವೇಷಧಾರಿಯ ಮುಂದೆ ಕೈಚೆಲ್ಲಿ ಕುಳಿತುಬಿಡುವ ಸಂಭವವಿದೆ.

ಇನ್ನೊಂದು ಸಣ್ಣ, ಆದರೆ ಮುಖ್ಯವಾದ ಅಡಚಣೆಯು ಪಂಚಾಂಗದ್ದು. ಮೇಳಗಳ ತಿರುಗಾಟವು ನವೆಂಬರಿನಿಂದ ಮೇ ತಿಂಗಳ ಕೊನೆಯವರೆಗೆ. ಕೇರಳದ ರಾಜ್ಯಮಟ್ಟದ ಕಲೋತ್ಸವವು ಸಾಮಾನ್ಯವಾಗಿ ಜನವರಿಯಲ್ಲಿ. ರಾತ್ರಿ ಹಾಡಿ ಹಗಲು ನಿದ್ರಿಸುವ ಮುಖ್ಯ ಭಾಗವತನಿಗೆ ಆ ತಿಂಗಳು ಹಗಲೆಲ್ಲ ತೀರ್ಪಿಗೆ ಕುಳಿತಿರುವುದು ಅಶಕ್ಯಪ್ರಾಯ. ಮಳೆಗಾಲದಲ್ಲಿ ಅವನಿಗೆ ಬಿಡುವುಂಟು. ತಾಳಮದ್ದಳೆಗಳೂ ತರಬೇತಿಯ ತರಗತಿಗಳೂ ನಡೆಯುವುದು ಆಗಲೇ. ಕಲಿಸಿದವರೂ ಹಾಡಿದವರೂ ಒಂದೆಡೆ ಕುಳಿತು, ಕಾಲದ ಕಟ್ಟಿಲ್ಲದೆ ಒಂದು ಪ್ರಸಂಗವನ್ನು ಮಕ್ಕಳಿಂದ ಆಡಿಸಿ, ಅಗತ್ಯ ಬಿದ್ದೆಡೆಯಲ್ಲಿ ತೀರ್ಪುಗಾರನೇ ಎದ್ದು ಜಾಗಟೆಯನ್ನು ಕೈಗೆ ತೆಗೆದುಕೊಂಡು ಆ ಪದ್ಯವನ್ನು ಹಾಡಿ ತೋರಿಸುವ ಏರ್ಪಾಡನ್ನು, ಪತ್ತನಾಜೆಗೂ ದೀಪಾವಳಿಗೂ ನಡುವಣ ಆ ಐದಾರು ತಿಂಗಳುಗಳಲ್ಲಿ ಮಾಡಿಕೊಳ್ಳುವುದಕ್ಕೆ ಅಡ್ಡಿಯಿಲ್ಲ.