ಆಯಿಲ್ ಇಳಿಸುವ ಕೈ

ಕಾರಿನ ಕೆಲಸಗಳಲ್ಲಿ ಎಲ್ಲರೂ ಹಗುರವಾಗಿ ಕಾಣುವುದು ಆಯಿಲ್ ಚೇಂಜನ್ನು. ಗ್ಯಾರೇಜಿಗೆ ಹೊಸದಾಗಿ ಸೇರಿದ ಹುಡುಗನ ಕೈಗೆ ಮೊದಮೊದಲು ಕೊಡುವ ಕೆಲಸವೂ ಅದೇ. ಕೆಳಗಿನ ಬೋಲ್ಟ್ ಬಿಚ್ಚಿ ಹಳೆಯದನ್ನು ಇಳಿಸು, ಬೋಲ್ಟ್ ಹಾಕು, ಮೇಲಿಂದ ಹೊಸದನ್ನು ಸುರಿ. ಹೇಳುವುದಕ್ಕೆ ಇಷ್ಟೇ. ಇದನ್ನೇ ಚೆನ್ನಾಗಿ ಮಾಡುವವರ ಕೈಯನ್ನು ಹತ್ತಿರ ನಿಂತು ನೋಡಿದರೆ ಅದರಲ್ಲಿ ಎಷ್ಟು ತಾಳ್ಮೆ, ಎಷ್ಟು ಹದ ಇದೆಯೆಂದು ತಿಳಿಯುತ್ತದೆ. ಅಂಥ ಕೈ ಶೋರೂಮಿನ ಸರ್ವಿಸ್ ಸೆಂಟರಿನಲ್ಲೂ ಇದೆ, ಬೀದಿ ಬದಿಯ ಗ್ಯಾರೇಜಿನಲ್ಲೂ ಇದೆ. ಭಾನುವಾರ ಬೆಳಿಗ್ಗೆ ಮನೆಯ ಮುಂದೆ ತನ್ನ ಕಾರಿನ ಕೆಲಸ ತಾನೇ ಮಾಡಿಕೊಳ್ಳುವ ಮಾಲೀಕನಿಗೂ ಅದು ದಕ್ಕುತ್ತದೆ ಎಂದು ಹೇಳುವುದಕ್ಕೇ ಈ ಬರಹ.

ಎಂಜಿನ್ ಆಯಿಲ್ ಹೊತ್ತ ಕೆಲಸಗಳು ಹಲವು. ಲೋಹಕ್ಕೆ ಲೋಹ ತಾಗದಂತೆ ನಡುವೆ ಪದರವಾಗಿ ನಿಲ್ಲಬೇಕು, ಬಿಸಿಯನ್ನು ಹೊತ್ತೊಯ್ಯಬೇಕು, ಉರಿದ ಇಂಧನದ ಮಸಿಯನ್ನು ಎಲ್ಲೂ ಕೂರಗೊಡದೆ ತನ್ನಲ್ಲೇ ತೇಲಿಸಿಟ್ಟುಕೊಳ್ಳಬೇಕು, ಹುಟ್ಟುವ ಆಮ್ಲವನ್ನು ತಣಿಸಬೇಕು. ಇದಕ್ಕೆಂದು ಬೆರೆಸಿದ ರಾಸಾಯನಿಕಗಳು ಓಡಾಟದಲ್ಲಿ ಸವೆಯುತ್ತವೆ. ಮಾರುತಿಯಂಥ ಕಂಪನಿಗಳ ಪೆಟ್ರೋಲ್ ಕಾರುಗಳಿಗೆ ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂಬ ಲೆಕ್ಕವಿದೆ. ಆದರೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತ ಕಾರಿನ ಮೀಟರ್ ಓಡುವುದಿಲ್ಲ, ಎಂಜಿನ್ ಮಾತ್ರ ಓಡುತ್ತಲೇ ಇರುತ್ತದೆ. ನಿಂತು ನಿಂತು ಸಾಗುವ, ಎರಡು ಕಿಲೋಮೀಟರಿಗೆ ಹೋಗಿ ಬಂದು ತಣ್ಣಗಾಗುವ ಕಾರಿಗೆ ಬೇಗ ಬದಲಿಸಿ ಎಂದು ಮ್ಯಾನ್ಯುಯಲ್‌ಗಳೇ ಬೇರೆ ಪಟ್ಟಿ ಕೊಡುತ್ತವೆ. ಆ ಪುಟವನ್ನು ಓದುವವರು ಕಡಿಮೆ.

ಇನ್ನು ಕೆಲಸಕ್ಕೆ ಬರೋಣ. ಸಮತಟ್ಟಾದ ನೆಲ ಬೇಕು. ಕಾರಿನ ಜೊತೆ ಬಂದ ಜಾಕ್ ಸ್ಟೆಪ್ನಿ ಬದಲಿಸಲು ಕೊಟ್ಟದ್ದು. ಅದೊಂದನ್ನೇ ನಂಬಿ ಕಾರಿನಡಿ ಮೈ ತೂರಿಸಬಾರದು. ಹಿಂದಿನ ಚಕ್ರಗಳಿಗೆ ತಡೆ ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಮುಂಭಾಗವನ್ನು ಗಟ್ಟಿ ಜಾಕ್ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಇಟ್ಟಿಗೆ, ಹಾಲೋ ಬ್ಲಾಕ್ ಸಲ್ಲ; ಅವು ಸದ್ದಿಲ್ಲದೆ ಪುಡಿಯಾಗುತ್ತವೆ. ಈ ವ್ಯವಸ್ಥೆ ಇಲ್ಲದಿದ್ದರೆ ಗ್ಯಾರೇಜಿನ ದಾರಿಯೇ ಒಳ್ಳೆಯದು.

ಕಾರನ್ನು ಎತ್ತುವ ಮೊದಲು ಎಂಜಿನ್ನನ್ನು ಕೆಲವು ನಿಮಿಷ ಓಡಿಸಿ ಆರಿಸಬೇಕು. ಬೆಚ್ಚಗಾದ ಎಣ್ಣೆ ತೆಳುವಾಗಿ, ತಳದ ಕೊಳೆಯನ್ನೂ ಎತ್ತಿಕೊಂಡು ಇಳಿಯುತ್ತದೆ. ಕೈ ಸುಡುವಷ್ಟು ಬಿಸಿ ಬೇಡ. ಗ್ಯಾರೇಜಿನವರು ಚೇಂಬರ್ ಎನ್ನುವ ಎಣ್ಣೆತೊಟ್ಟಿಯ ತಳದಲ್ಲಿ ಡ್ರೈನ್ ಬೋಲ್ಟ್ ಇರುತ್ತದೆ. ಅದನ್ನು ಸ್ಪ್ಯಾನರಿನಿಂದ ಸಡಿಲಿಸಿ, ಆಮೇಲೆ ಬೆರಳಿನಿಂದ ತಿರುಗಿಸುತ್ತಾ ಒಳಮುಖವಾಗಿ ಒತ್ತಿ ಹಿಡಿದಿದ್ದು, ಕೊನೆಯ ಸುತ್ತು ಬಿಟ್ಟಿತೆಂದು ಬೆರಳಿಗೆ ತಿಳಿದ ಗಳಿಗೆಯಲ್ಲಿ ತಟ್ಟನೆ ಪಕ್ಕಕ್ಕೆ ಎಳೆಯುತ್ತಾರೆ. ಪಳಗಿದ ಮೆಕ್ಯಾನಿಕ್‌ನ ಕೈ ಒದ್ದೆಯಾಗುವುದಿಲ್ಲ. ಆ ಒಂದು ಚಲನೆಯನ್ನು ನೋಡುವುದೇ ನನಗೆ ಸಂತೋಷ.

ಎಣ್ಣೆ ಇಳಿಯುವ ಹೊತ್ತು ಕಾಯುವ ಹೊತ್ತು, ಓದುವ ಹೊತ್ತೂ ಹೌದು. ಕಪ್ಪಾಗಿದೆಯೆಂದು ಗಾಬರಿ ಬೇಡ. ಡೀಸೆಲ್ ಗಾಡಿಯಲ್ಲಿ ಹೊಸ ಎಣ್ಣೆಯೂ ಬೇಗನೆ ಕಪ್ಪಾಗುತ್ತದೆ, ಮಸಿ ಹಿಡಿಯುವ ಕೆಲಸ ಮಾಡುತ್ತಿದೆ ಎಂದು ಅರ್ಥ. ಪೆಟ್ರೋಲಿನ ವಾಸನೆ ಗಾಢವಾಗಿದ್ದರೆ ಉರಿಯದ ಇಂಧನ ಕೆಳಗಿಳಿಯುತ್ತಿದೆ. ಹಾಲು ಬೆರೆಸಿದಂತೆ ಕಂಡರೆ ನೀರು ಸೇರಿದೆ, ಕೂಲಂಟ್ ಸೋರಿ ಒಳಗೆ ಬರುತ್ತಿರಬಹುದು. ಬಿಸಿಲಿಗೆ ಹಿಡಿದಾಗ ಚೂರುಚೂರು ಲೋಹ ಹೊಳೆದರೆ ತಡಮಾಡದೆ ಬಲ್ಲವರಿಗೆ ತೋರಿಸಬೇಕು. ಸಾಲುಗಟ್ಟಿದ ಕಾರುಗಳ ನಡುವೆ ಸರ್ವಿಸ್ ಸೆಂಟರಿನ ಹುಡುಗನಿಗೆ ಇಷ್ಟು ಹೊತ್ತು ನೋಡುವ ಬಿಡುವು ಎಲ್ಲಿಂದ ಬರಬೇಕು? ಕೈಗೆ ಗ್ಲೌಸ್ ಮರೆಯಬಾರದು. ಬಳಸಿದ ಎಣ್ಣೆ ಚರ್ಮಕ್ಕೆ ಒಳ್ಳೆಯದಲ್ಲ.

ಬೋಲ್ಟ್ ವಾಪಸು ಹಾಕುವಾಗ ಹೊಸ ವಾಷರ್ ಹಾಕಬೇಕು. ತಾಮ್ರದ್ದೋ ಅಲ್ಯೂಮಿನಿಯಂನದೋ ಆದ ಆ ಪುಟ್ಟ ಬಿಲ್ಲೆ ಒಮ್ಮೆ ಅಮುಕಿಸಿಕೊಂಡು ಸಂದು ಮುಚ್ಚಲಿಕ್ಕೆಂದೇ ಇರುವುದು. ಬೋಲ್ಟನ್ನು ಮೊದಲು ಬೆರಳಿನಿಂದಲೇ ಕೂರಿಸಿ, ಆಮೇಲೆ ಕಂಪನಿ ಹೇಳಿದಷ್ಟೇ ಬಿಗಿಯಬೇಕು. ಟಾರ್ಕ್ ರೆಂಚ್ ಇದ್ದರೆ ಅನುಮಾನವೇ ಉಳಿಯುವುದಿಲ್ಲ. ಬಿಗಿದಷ್ಟೂ ಭದ್ರ ಎಂದುಕೊಂಡವರಿಂದಲೇ ಅಲ್ಯೂಮಿನಿಯಂ ಚೇಂಬರಿನ ಥ್ರೆಡ್ ಹೋಗುವುದು. ಹಳೆಯ ಆಯಿಲ್ ಫಿಲ್ಟರನ್ನು ಬಿಚ್ಚಿ, ಹೊಸ ಫಿಲ್ಟರಿನ ರಬ್ಬರ್ ಉಂಗುರಕ್ಕೆ ಹೊಸ ಎಣ್ಣೆ ಸವರಿ, ಹಳೆಯ ಉಂಗುರ ಎಂಜಿನ್ನಿಗೇ ಅಂಟಿಕೊಂಡಿಲ್ಲವೆಂದು ಮುಟ್ಟಿ ನೋಡಿ, ಉಂಗುರ ತಾಗಿದ ಮೇಲೆ ಸುಮಾರು ಮುಕ್ಕಾಲು ಸುತ್ತು ತಿರುಗಿಸಿದರೆ ಸಾಕು. ಎಣ್ಣೆಯನ್ನು ಅಳತೆಗಿಂತ ಸ್ವಲ್ಪ ಕಡಿಮೆ ಸುರಿದು, ಎಂಜಿನ್ ಓಡಿಸಿ, ಸೋರಿಕೆ ಇಲ್ಲವೆಂದು ಬಗ್ಗಿ ನೋಡಬೇಕು. ಕಾರನ್ನು ನೆಲಕ್ಕಿಳಿಸಿ ಕೆಲವು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ, ಕಡಿಮೆಯಿದ್ದಷ್ಟನ್ನು ತುಂಬಿಸಬೇಕು. ಮೇಲಿನ ಗುರುತು ದಾಟಬಾರದು. ಹೆಚ್ಚಾದ ಎಣ್ಣೆಯನ್ನು ಕ್ರ್ಯಾಂಕ್ ಬಡಿದು ನೊರೆಯೆಬ್ಬಿಸುತ್ತದೆ.

ಉಳಿತಾಯ ಎಷ್ಟು? ಅಮೆರಿಕದಲ್ಲಿ ಕೂಲಿ ದುಬಾರಿ, ಅಲ್ಲಿನ ನಮ್ಮವರು ಮನೆಯಲ್ಲೇ ಮಾಡಿಕೊಂಡರೆ ಲಾಭ ಕಣ್ಣಿಗೆ ಕಾಣುತ್ತದೆ. ನಮ್ಮಲ್ಲಿ ಎಣ್ಣೆಗೂ ಫಿಲ್ಟರಿಗೂ ಎಲ್ಲಿ ಕೊಂಡರೂ ಹೆಚ್ಚುಕಡಿಮೆ ಅಷ್ಟೇ ಬೆಲೆ. ಉಳಿಯುವುದು ಕೂಲಿ, ಮತ್ತು ಬಿಲ್ಲಿನ ಕೊನೆಗೆ ಬಂದು ಸೇರುವ ಎಂಜಿನ್ ಫ್ಲಶ್, ಕೋಟಿಂಗ್ ಮುಂತಾದವು. ಇವನ್ನು ಕೇಳಿಸಿಕೊಂಡು ಮ್ಯಾನ್ಯುಯಲ್‌ನಲ್ಲಿ ಹುಡುಕಿ ನೋಡಿ, ಬಹುಪಾಲು ಅಲ್ಲಿರುವುದಿಲ್ಲ. ಹಣಕ್ಕಿಂತ ದೊಡ್ಡ ಲಾಭ ತಿಳಿವಳಿಕೆಯದು: ಯಾವ ಗ್ರೇಡಿನ ಎಣ್ಣೆ ಹೋಯಿತು, ವಾಷರ್ ಹೊಸದೋ ಹಳೆಯದೋ, ಎಲ್ಲಿ ಜಿನುಗು ಶುರುವಾಗಿದೆ ಎಂಬುದನ್ನು ಇನ್ನೊಬ್ಬರ ಬಾಯಿಂದ ಕೇಳಬೇಕಾಗಿಲ್ಲ.

ಕೂಲಂಟ್ ಬದಲಿಸುವುದೂ ಮನೆಯ ಅಳವಿನದೇ, ಎಂಜಿನ್ ಪೂರ್ತಿ ತಣ್ಣಗಾಗಿದ್ದರೆ. ಬಿಸಿ ರೇಡಿಯೇಟರಿನ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಬೆರೆಸುವುದಕ್ಕೆ ಬೋರ್‌ವೆಲ್ ನೀರು ಸಲ್ಲದು. ನಮ್ಮ ಗಡಸು ನೀರಿನ ಸುಣ್ಣ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ. ಡಿಮಿನರಲೈಸ್ಡ್ ನೀರೇ ಬೇಕು. ಇಳಿಸಿದ ಕೂಲಂಟ್ ಸಿಹಿ ರುಚಿಯ ವಿಷ, ನಾಯಿ ಬೆಕ್ಕುಗಳು ನೆಕ್ಕದಂತೆ ಮುಚ್ಚಿಡಬೇಕು.

ಬ್ರೇಕ್ ಆಯಿಲಿನ ಮಾತು ಬೇರೆ. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯದು ಹೊಸದಿರುವಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಶೇಕಡಾ 3.7ರಷ್ಟು ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಬ್ರೇಕ್ ಒತ್ತುತ್ತಲೇ ಇಳಿಯುವಾಗ ಹಳೆಯ ದ್ರವ ಕುದ್ದರೆ ಪೈಪಿನಲ್ಲಿ ಆವಿಗುಳ್ಳೆ ಹುಟ್ಟಿ, ಪೆಡಲ್ ಮೆತ್ತಗೆ ಕೆಳಗೆ ಹೋಗಿಬಿಡುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ವಾಡಿಕೆ. ಒಬ್ಬರು ಪೆಡಲ್ ತುಳಿಯುತ್ತಾ ಇನ್ನೊಬ್ಬರು ಚಕ್ರದ ಬಳಿ ನಿಪ್ಪಲ್ ಸಡಿಲಿಸುತ್ತಾ ಗಾಳಿ ತೆಗೆಯಬೇಕು. ಎಬಿಎಸ್ ಇರುವ ಕೆಲವು ಕಾರುಗಳಿಗೆ ಸ್ಕ್ಯಾನರೂ ಬೇಕು. ಇದನ್ನು ಪಳಗಿದವರ ಜೊತೆ ಕೂತು ಕಲಿಯದೆ ಒಬ್ಬರೇ ಮಾಡಹೋಗಬಾರದು ಎಂಬುದು ನನ್ನ ಖಚಿತ ಮಾತು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ದ್ರವವನ್ನು ಅನೇಕ ಮಾದರಿಗಳಲ್ಲಿ ನಿಗದಿತ ಉಷ್ಣತೆಯಲ್ಲೇ ಅಳೆಯಬೇಕಾದ್ದರಿಂದ ಅದನ್ನು ಸರ್ವಿಸ್ ಸೆಂಟರಿಗೇ ಬಿಡುವುದು ವಿವೇಕ. ಮ್ಯಾನ್ಯುಯಲ್ ಗೇರ್‌ಬಾಕ್ಸಿಗೆ ಕೈ ಹಾಕುವವರು ತುಂಬಿಸುವ ಬೋಲ್ಟನ್ನು ಮೊದಲು ಬಿಚ್ಚಿ, ಆಮೇಲೆ ಇಳಿಸುವುದನ್ನು ಬಿಚ್ಚಬೇಕು. ಮೇಲಿನದು ತುಕ್ಕು ಹಿಡಿದು ಬಾರದಿದ್ದರೆ ಖಾಲಿ ಗೇರ್‌ಬಾಕ್ಸಿನ ಕಾರು ಅಂಗಳದಲ್ಲೇ ಉಳಿಯುತ್ತದೆ.

ವಾರಂಟಿ ಹೋಗುತ್ತದೆಂಬ ಭಯ ಹಲವರಿಗಿದೆ. 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ದಂಡ ಹಾಕಿದಾಗ, ಹೊರಗಿನ ಮೆಕ್ಯಾನಿಕ್ ಬಳಿ ಹೋದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಎನ್ನುವಂತಿಲ್ಲ ಎಂದೂ ಹೇಳಿತ್ತು; ಕಂಪನಿಗಳು ಮೇಲ್ಮನವಿಗೆ ಹೋದವು. ವಾರಂಟಿ ಇರುವವರೆಗೆ ಅಧಿಕೃತ ಸರ್ವಿಸ್ ಮಾಡಿಸಿ, ಮುಗಿದ ಮೇಲೆ ಕೈ ಪಳಗಿಸಿಕೊಳ್ಳುವುದು ತಂಟೆಯಿಲ್ಲದ ದಾರಿ. ಎಣ್ಣೆ ಕೊಂಡ ಬಿಲ್ಲು, ದಿನಾಂಕ, ಓಡಿದ ಕಿಲೋಮೀಟರ್ ಬರೆದಿಟ್ಟುಕೊಂಡರೆ ಕಾರು ಮಾರುವಾಗಲೂ ಬೆಲೆಯಿದೆ.

ಕಡೆಯ ಕೆಲಸವನ್ನು ಎಲ್ಲಕ್ಕಿಂತ ಶ್ರದ್ಧೆಯಿಂದ ಮಾಡಬೇಕು. ಇಳಿಸಿದ ಎಣ್ಣೆಯನ್ನು ಹೊಸ ಎಣ್ಣೆ ಬಂದ ಡಬ್ಬಿಗೇ ಸುರಿದು, ಕೂಲಂಟ್ ಬೆರೆಸದೆ, ಬಿಗಿಯಾಗಿ ಮುಚ್ಚಿಡಿ. ಬಳಸಿದ ಎಣ್ಣೆ ನಮ್ಮ ಕಾನೂನಿನಲ್ಲಿ ಅಪಾಯಕಾರಿ ತ್ಯಾಜ್ಯ. ಹಳೆ ಎಣ್ಣೆಯನ್ನು ಮರುಸಂಸ್ಕರಣೆಗೆ ಕೊಡುವ ಗ್ಯಾರೇಜೊಂದನ್ನು ಮೊದಲೇ ಕೇಳಿ ಗೊತ್ತುಮಾಡಿಕೊಂಡು ಅಲ್ಲಿಗೆ ಒಪ್ಪಿಸಿ. ಚರಂಡಿಗೋ ಖಾಲಿ ಸೈಟಿಗೋ ಚೆಲ್ಲುವುದೊಂದೇ ದಾರಿ ಎನ್ನುವ ಊರಿನಲ್ಲಿದ್ದರೆ, ದಯವಿಟ್ಟು ಈ ಕೆಲಸಕ್ಕೆ ಕೈ ಹಾಕಬೇಡಿ. ಕಾರನ್ನು ಸರ್ವಿಸ್ ಸೆಂಟರಿಗೇ ಕೊಡಿ.