ಅನಾರೋಗ್ಯದಲ್ಲಿ ಕಾಫಿ

ಮಲೆನಾಡು ಹಾಗೂ ಹಳೆಯ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಜ್ವರ ಬಂದವರಿಗೆ ಮೊದಲು ದೊರೆಯುವ ಉಪಚಾರವೆಂದರೆ ಒಂದು ಲೋಟ ಬಿಸಿ ಕಾಫಿ. 'ಊಟ ಸೇರದು, ಕಾಫಿಯನ್ನಾದರೂ ಕುಡಿಯಲಿ' ಎಂಬ ಮಮತೆ ಅದರ ಹಿಂದಿರುತ್ತದೆ. ಮಾತ್ರೆಯನ್ನೂ ಅದರೊಡನೆಯೇ ನುಂಗಿಸುವುದುಂಟು. ಈ ರೂಢಿಯ ಬಗೆಗೆ ವಿವೇಚನೆ ಅಗತ್ಯ.

ಕಾಫಿಯಲ್ಲಿರುವ ಕೆಫೀನ್ ಆಯಾಸವನ್ನು ಕಳೆಯುವುದಿಲ್ಲ, ಮರೆಮಾಚುತ್ತದೆ. ಸೇವಿಸಿದ ಸುಮಾರು 5 ಗಂಟೆಗಳ ಬಳಿಕವೂ ಅದರ ಅರ್ಧಾಂಶ ರಕ್ತದಲ್ಲಿ ಉಳಿದಿರುತ್ತದೆ. ಆದ್ದರಿಂದ ಸಂಜೆಯ ಕಾಫಿ ರಾತ್ರಿಯ ನಿದ್ರೆಯನ್ನು ಕೆಡಿಸುತ್ತದೆ. ರೋಗಿಗೆ ನಿದ್ರೆಯೇ ಅರ್ಧ ಔಷಧ. ಆಮ್ಲಪಿತ್ತ, ಎದೆಬಡಿತ, ವಾಂತಿ, ಭೇದಿ ಇರುವಾಗ ಕಾಫಿಯನ್ನು ವರ್ಜಿಸುವುದೇ ಲೇಸು.

ಔಷಧವನ್ನು ಯಾವುದರೊಡನೆ ಸೇವಿಸಬೇಕೋ ಅದನ್ನು ಆಯುರ್ವೇದವು ಅನುಪಾನವೆಂದು ಕರೆಯುತ್ತದೆ. ಬಿಸಿನೀರು, ಜೇನು, ತುಪ್ಪ, ಹಾಲು ಇವು ರೋಗಕ್ಕೆ ತಕ್ಕಂತೆ ಅನುಪಾನಗಳು. ಕಾಫಿ ಅನುಪಾನವಲ್ಲ. ಸದಾ ಸುಸ್ತೆಂದು ನನ್ನಲ್ಲಿಗೆ ಬರುತ್ತಿದ್ದ ತಾಯಿಯೊಬ್ಬರಿಗೆ ಥೈರಾಯ್ಡ್ ಮಾತ್ರೆಯ ಪ್ರಮಾಣವನ್ನು ಎರಡು ಬಾರಿ ಹೆಚ್ಚಿಸಿದ್ದರೂ ಗುಣ ಕಂಡಿರಲಿಲ್ಲ. ಮಾತ್ರೆಯನ್ನು ಯಾವುದರೊಡನೆ ನುಂಗುವಿರೆಂದು ನಾನು ಕೇಳಿದ್ದು ಮೂರನೆಯ ಭೇಟಿಯಲ್ಲಿ. 'ಬೆಳಗಿನ ಕಾಫಿಯ ಜೊತೆ' ಎಂದರು. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯದು. ಕಾಫಿಯೊಡನೆ ಆ ಮಾತ್ರೆ ದೇಹಕ್ಕೆ ಸರಿಯಾಗಿ ಹೀರಲ್ಪಡುವುದಿಲ್ಲ. ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಒಂದು ಗಂಟೆಯ ನಂತರ ಕಾಫಿ ಸೇವಿಸತೊಡಗಿದ ಮೇಲೆ ಅವರ ರಕ್ತಪರೀಕ್ಷೆಯ ಫಲಿತಾಂಶ ಸುಧಾರಿಸಿತು. ಕಬ್ಬಿಣಾಂಶದ ಮಾತ್ರೆಗೂ ಇದೇ ಎಚ್ಚರ ಸಲ್ಲುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಸೇವಿಸುವವರಲ್ಲಿ ಕೆಫೀನ್ ಇನ್ನೂ ದೀರ್ಘಕಾಲ ಉಳಿದು, ನಡುಕ ಮತ್ತು ನಿದ್ರಾಹೀನತೆಯನ್ನು ಉಂಟುಮಾಡಬಹುದು.

ಹಾಗೆಂದು ನಿತ್ಯ ಕುಡಿಯುವವರು ಒಮ್ಮೆಲೇ ಬಿಡಬಾರದು. ಒಂದು ದಿನದೊಳಗೆ ತಲೆನೋವು ತಲೆದೋರಬಹುದು. ಅದನ್ನು ರೋಗದ ಲಕ್ಷಣವೆಂದೇ ಭ್ರಮಿಸುವುದುಂಟು. ವಾಂತಿ, ಭೇದಿಗಳಿಲ್ಲದಿದ್ದರೆ ಬೆಳಿಗ್ಗೆ ಆಹಾರದ ನಂತರ ಅರ್ಧ ಲೋಟ ತೆಳುವಾದ ಕಾಫಿ ಸಾಕು.

ಜ್ವರದಲ್ಲಿ ಅಕ್ಕಿಯ ತೆಳುಗಂಜಿ, ಕಾದಾರಿದ ನೀರು, ಜೀರಿಗೆ-ಕೊತ್ತಂಬರಿ ಬೀಜದ ಕಷಾಯ ಹಿತಕರ. ಭದ್ರಮುಷ್ಟಿ, ಪರ್ಪಾಟಕ, ಲಾವಂಚ, ಚಂದನ, ಬಾಳದ ಬೇರು, ಶುಂಠಿಗಳಿಂದ ಸಿದ್ಧವಾಗುವ ಷಡಂಗ ಪಾನೀಯವನ್ನು ವೈದ್ಯರ ಸಲಹೆಯಂತೆ ಸೇವಿಸಬಹುದು. ಜ್ವರ ಮೂರು ದಿನ ಮೀರಿದರೆ, ಮೂತ್ರ ಕಡಿಮೆಯಾದರೆ ಅಥವಾ ಉಸಿರಾಟ ಕಷ್ಟವಾದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಹೋಗತಕ್ಕದ್ದು.

ರೋಗಿಯ ಮುಂದೆ ಲೋಟವಿಡುವ ಕೈ ಪ್ರೀತಿಯದೇ. ಆ ಲೋಟದಲ್ಲಿ ಗಂಜಿಯಿರಲಿ, ಮಾತ್ರೆಯ ಪಕ್ಕದಲ್ಲಿ ನೀರಿರಲಿ.